ಡ್ಯೂಟಿ ರಿವಾಲ್ವರ್‌ಗೆ ಕೈಗೊಪ್ಪುವ ಗ್ರಿಪ್: ಅಳತೆಯಿಂದ ಸ್ಕ್ರೂ ಬಿಗಿಯುವವರೆಗೆ

ರಿವಾಲ್ವರ್‌ನ ತೂಕ ಒಂದು ಕಿಲೋಗಿಂತ ಕಡಿಮೆ. ಆದರೆ ಹ್ಯಾಮರ್ (ಗುಂಡಿಗೆ ಬಡಿಯುವ ಹಿಂಬದಿಯ ಸುತ್ತಿಗೆ) ಎತ್ತದೆ ನೇರವಾಗಿ ಟ್ರಿಗರ್ ಎಳೆದು ಹಾರಿಸಬೇಕಾದರೆ ಒಂದು ಬೆರಳು ಸಾಮಾನ್ಯವಾಗಿ 4.5ರಿಂದ 5.5 ಕಿಲೋದಷ್ಟು ಬಲ ಹಾಕಬೇಕು. ಐದು ಕಿಲೋ ಜೋಳದ ಚೀಲವನ್ನು ತೋರುಬೆರಳಿಗೆ ತೂಗುಹಾಕಿಕೊಂಡು, ಅದೇ ಕೈಯಲ್ಲಿ ಅದಕ್ಕಿಂತ ಹಗುರವಾದ ಇನ್ನೊಂದು ವಸ್ತುವನ್ನು ಅಲುಗದಂತೆ ಹಿಡಿಯಿರಿ ಎಂದರೆ ಹೇಗಾದೀತು? ಉಳಿದ ಮೂರು ಬೆರಳು ಮತ್ತು ಅಂಗೈ ಮಾಡಬೇಕಾದ ಕೆಲಸ ಅದೇ. ಅವಕ್ಕೆ ಸರಿಯಾಗಿ ಕೂರುವ ಜಾಗ ಸಿಗದಿದ್ದರೆ ಎಷ್ಟು ಒಳ್ಳೆಯ ಗುರಿಕಾರನ ಗುಂಡೂ ಅತ್ತಿತ್ತ ಹೋಗುತ್ತದೆ. ಆ ಜಾಗವೇ ಗ್ರಿಪ್: ಹಿಡಿಕೆಯ ಉಕ್ಕಿನ ಚೌಕಟ್ಟಿಗೆ ಎರಡೂ ಬದಿಯಿಂದ ಸ್ಕ್ರೂ ಹಾಕಿ ಕೂರಿಸುವ ಮರದ, ರಬ್ಬರಿನ ಅಥವಾ ಪ್ಲಾಸ್ಟಿಕ್‌ನ ಪ್ಲೇಟುಗಳು.

ಪೊಲೀಸ್ ಮೀಸಲು ಪಡೆಯ ಶಸ್ತ್ರಾಗಾರದಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿಯವನು, ಆಗಿ ವರ್ಷಗಟ್ಟಲೆ ಕೂತವನು ನಾನು. ಈಗ ಧಾರವಾಡದ ಮನೆಯಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕಿಕೊಂಡಿದ್ದೇನೆ. ಆದರೂ ವಾರಕ್ಕೊಬ್ಬರಾದರೂ ಬಂದು, "ಸರ್, ಆನ್‌ಲೈನ್‌ದಾಗ ಭಾಳ ಚಂದನ ರಬ್ಬರ್ ಗ್ರಿಪ್ ಅದಾವ್ರೀ, ಯಾವುದು ತರಸಲಿ?" ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ನಾನು ಮೊಬೈಲ್ ನೋಡುವುದಿಲ್ಲ, "ಕೈ ತೋರ್ಸು" ಅನ್ನುತ್ತೇನೆ. ಕಮ್ಮಾರ ಕುಡಗೋಲಿಗೆ ಹಿಡಿಕೆ ಕೂರಿಸುವಾಗ ಕೊಯ್ಯುವವರ ಮುಷ್ಟಿ ನೋಡುತ್ತಾನಲ್ಲ, ಅದೇ ಲೆಕ್ಕ.

ಮೊದಲು ಖಾಲಿ ಮಾಡಿ

ಗ್ರಿಪ್ ಕೆಲಸಕ್ಕೆ ಕೈ ಹಾಕುವ ಮೊದಲು ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ತೆರೆದು ಎಲ್ಲ ಗುಂಡು ತೆಗೆಯಿರಿ. ಸಿಲಿಂಡರ್‌ನ ಗುಂಡಿನ ಗೂಡುಗಳನ್ನು ಒಂದೊಂದಾಗಿ ಎಣಿಸಿ, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ತೆಗೆದ ಗುಂಡುಗಳು ಅದೇ ಮೇಜಿನ ಮೇಲೆ ಇರಬಾರದು, ಬೇರೆ ಕೋಣೆಯಲ್ಲಿ ಬೀಗದೊಳಗೆ ಇರಲಿ. ಬ್ಯಾರಲ್‌ನ ಬಾಯಿ ಯಾವಾಗಲೂ ಗಟ್ಟಿ ಗೋಡೆಯ ಕಡೆಗೆ. ನಡುವೆ ಯಾರಾದರೂ ಕರೆದು ಎದ್ದು ಹೋದರೆ, ಬಂದ ಮೇಲೆ ಮತ್ತೆ ಮೊದಲಿನಿಂದ ಎಣಿಸಿ. ನಾಚಿಕೆ ಬೇಡ. ಸೇವೆಯ ಕೊನೆಯ ದಿನದವರೆಗೂ ನಾನು ಹಾಗೇ ಎಣಿಸಿದವನು.

ಆಯುಧ ಯಾರದು?

ಇಲಾಖೆ ಕೊಟ್ಟ ರಿವಾಲ್ವರ್ ಆದರೆ ಅದು ಸರ್ಕಾರದ ಸ್ವತ್ತು. ಇವತ್ತು ನಿಮ್ಮ ಸೊಂಟದಲ್ಲಿದೆ, ನಾಳೆ ಇನ್ನೊಬ್ಬರ ಹೆಸರಿಗೆ ಬರೆಯುತ್ತಾರೆ. ಅದರ ಗ್ರಿಪ್ ಬದಲಿಸುವುದು ನಿಮ್ಮ ಇಷ್ಟದ ಮಾತಲ್ಲ. ಅನುಮತಿ ತೆಗೆದುಕೊಂಡು ಆರ್ಮರರ್ ಕೈಯಲ್ಲೇ ಮಾಡಿಸಬೇಕು. ಸ್ವಂತ ಪರವಾನಗಿಯ ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ನಿಯಮಗಳು ಅನ್ವಯಿಸುತ್ತವೆ. ಕೆಲಸ ಮಾಡಿಸುವುದಾದರೆ ಪರವಾನಗಿ ಇರುವ ಬಂದೂಕು ಅಂಗಡಿಗೇ ಹೋಗಿ. ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಕೈಚಳಕ ನೋಡಿದಾಗೆಲ್ಲ ಇವರ ಕೈಯಲ್ಲಿ ಒಂದು ಜೋಡಿ ಗ್ರಿಪ್ ಕೆತ್ತಿಸಿದರೆ ಹೇಗಿರುತ್ತದೆ ಎಂದು ನನಗೂ ಆಸೆಯಾಗಿದ್ದುಂಟು. ಆದರೆ ಪರವಾನಗಿ ಇಲ್ಲದವರ ಕೈಗೆ ಆಯುಧ ಕೊಟ್ಟು ಬರುವುದು ಅಪರಾಧ, ಬಡಿಗ ಎಷ್ಟೇ ಪರಿಚಯದವನಿರಲಿ.

ಖಾಸಗಿಯವರ ಬಳಿ ಸಾಮಾನ್ಯವಾಗಿ ಕಾಣುವುದು .32 ಬೋರ್ (ಬ್ಯಾರಲ್‌ನ ಒಳ ಅಳತೆ). ಪೊಲೀಸರ ಹಳೆಯ ರಿವಾಲ್ವರ್‌ಗಳು .38. ಗ್ರಿಪ್ ಮಟ್ಟಿಗೆ ಬೋರ್‌ಗಿಂತ ಮುಖ್ಯವಾದದ್ದು ಅದು ತೆರೆಯುವ ರೀತಿ. ಬ್ರಿಟಿಷ್ ಕಂಪನಿ ವೆಬ್ಲಿಯ ಜಾತಿಯದು ನಡು ಮುರಿದಂತೆ ಬಾಗಿ ತೆರೆದುಕೊಳ್ಳುತ್ತದೆ, ಕಾನ್ಪುರದ ಕಾರ್ಖಾನೆಯ .32 ಕೂಡ ಅದೇ ವಂಶದ್ದು. ಇನ್ನೊಂದು ಜಾತಿಯಲ್ಲಿ ಸಿಲಿಂಡರ್ ಎಡಕ್ಕೆ ಹೊರಳುತ್ತದೆ. ಎರಡಕ್ಕೂ ಬೇಕಾದ ಎಚ್ಚರಿಕೆ ಬೇರೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಹಿಡಿಕೆಯ ಚೌಕಟ್ಟಿನ ತಳ ಚೌಕವೋ ದುಂಡೋ ಎಂಬುದನ್ನೂ ನೋಡಿಕೊಳ್ಳಿ. ಚೌಕ ತಳದ್ದು ದುಂಡು ತಳಕ್ಕೆ ಕೂರುವುದಿಲ್ಲ, ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತಪ್ಪು ಪಾರ್ಸೆಲ್ ತರಿಸಿಕೊಂಡು ಪೇಚಾಡುವವರಲ್ಲಿ ಹೆಚ್ಚಿನವರು ಇಲ್ಲೇ ಎಡವಿದವರು.

ಕೈಯ ಅಳತೆ

ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ ಸಂದು ಇದೆಯಲ್ಲ, ಅದು ಹಿಡಿಕೆಯ ಬೆನ್ನಿನ ಮೇಲೆ ಎಷ್ಟು ಎತ್ತರಕ್ಕೆ ಹೋಗಲು ಸಾಧ್ಯವೋ ಅಷ್ಟು ಎತ್ತರಕ್ಕೆ ಕೂರಬೇಕು. ಆದರೆ ಹ್ಯಾಮರ್ ಹಿಂದಕ್ಕೆ ಬಂದಾಗ ಅದಕ್ಕೆ ತಾಗಬಾರದು. ಕೈ ಎತ್ತರದಲ್ಲಿದ್ದಷ್ಟೂ ಗುಂಡು ಹಾರಿದಾಗ ಬಾಯಿ ಮೇಲಕ್ಕೆ ಏಳುವುದು ಕಡಿಮೆ. ಹಾಗೆ ಹಿಡಿದು ಮೇಲಿನಿಂದ ನೋಡಿ: ಬ್ಯಾರಲ್ ಮತ್ತು ಮುಂಗೈ ಮೂಳೆ ಒಂದೇ ಗೆರೆಯಲ್ಲಿರಬೇಕು.

ಈಗ ತೋರುಬೆರಳು ಟ್ರಿಗರ್ ಮೇಲೆ ಎಲ್ಲಿ ಬೀಳುತ್ತದೆ ನೋಡಿ. ಹ್ಯಾಮರ್ ಎತ್ತಿ ಹಾರಿಸುವುದಾದರೆ ಬೆರಳ ತುದಿಯ ಮೆತ್ತೆ ಸಾಕು, ಅಲ್ಲಿ 1.5-2 ಕಿಲೋದಷ್ಟೇ ಬಲ ಬೇಕು. ಡ್ಯೂಟಿಯಲ್ಲಿ ಹ್ಯಾಮರ್ ಎತ್ತಿಕೊಂಡು ನಿಲ್ಲಲು ಯಾರಿಗೆ ಪುರುಸೊತ್ತು? ಹಾಗಾಗಿ ಐದು ಕಿಲೋ ಎಳೆತಕ್ಕೇ ಲೆಕ್ಕ ಹಾಕಬೇಕು. ಅದಕ್ಕೆ ಬೆರಳಿನ ತುದಿ ಸಾಲದು, ಮೊದಲ ಗೆಣ್ಣಿನ ಗೆರೆಯ ಹತ್ತಿರ ಟ್ರಿಗರ್ ಕೂರಬೇಕು. ಮುಂಗೈ ಗೆರೆ ಕೆಡದಂತೆ ಬೆರಳು ಅಲ್ಲಿಗೆ ತಲುಪಿದರೆ ಹಿಡಿಕೆಯ ದಪ್ಪ ಸರಿಯಾಗಿದೆ. ತುದಿ ಮಾತ್ರ ತಲುಪಿದರೆ ದಪ್ಪ ಜಾಸ್ತಿ. ಎರಡನೇ ಗೆಣ್ಣಿನವರೆಗೆ ಬೆರಳು ಒಳಗೆ ಹೋಗುತ್ತಿದ್ದರೆ ಹಿಡಿಕೆ ಸಣ್ಣದಾಯಿತು.

ಒಂದು ದಾರ ತೆಗೆದುಕೊಳ್ಳಿ. ಕೈಯ ಚರ್ಮದ ಸಂದಿನಿಂದ ತೋರುಬೆರಳ ಮೊದಲ ಗೆಣ್ಣಿನವರೆಗೆ ಬೆರಳ ಒಳಬದಿಯ ಗುಂಟ ಎಳೆದು ಗಂಟು ಹಾಕಿ. ಅದೇ ದಾರವನ್ನು ರಿವಾಲ್ವರ್‌ನ ಬೆನ್ನಿನಿಂದ ಪಕ್ಕದ ಪ್ಲೇಟಿನ ಮೇಲೆ ಹಾಯಿಸಿ ಟ್ರಿಗರ್ ಮುಖದವರೆಗೆ ಇಡಿ. ಗಂಟು ಟ್ರಿಗರ್‌ಗಿಂತ ಹಿಂದೆಯೇ ಉಳಿದರೆ ತೆಳುವಾಗಬೇಕು, ದಾಟಿ ಮುಂದೆ ಹೋದರೆ ತುಂಬಿಕೊಳ್ಳಬೇಕು. ಇಷ್ಟು ಮಾಡಿಕೊಂಡರೆ ನೂರು ಫೋಟೋ ನೋಡುವ ಕೆಲಸ ಉಳಿಯುತ್ತದೆ.

ನೋವು ಎಲ್ಲಿದೆ?

ಯಾರೇ ಬಂದು "ಗ್ರಿಪ್ ಸರಿ ಇಲ್ಲ" ಎಂದರೂ ನನ್ನ ಮೊದಲ ಪ್ರಶ್ನೆ ಇದೇ. ಉತ್ತರದಲ್ಲೇ ಅರ್ಧ ಮದ್ದು ಇರುತ್ತದೆ.

ನಡುಬೆರಳಿನ ಗೆಣ್ಣಿಗೆ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಬಡಿದು ಕೆಂಪಾಗುತ್ತಿದ್ದರೆ, ಗಾರ್ಡ್‌ನ ಹಿಂದೆ ಹಿಡಿಕೆಯ ಎದೆ ಶುರುವಾಗುವಲ್ಲಿ ಸಂದು ಖಾಲಿ ಇದೆ ಎಂದರ್ಥ. ಸಿಲಿಂಡರ್ ಪಕ್ಕಕ್ಕೆ ಹೊರಳುವ ಹಳೆಯ ಮಾದರಿಗಳಲ್ಲಿ, ಎರಡು ತೆಳು ಮರದ ಪ್ಲೇಟು ಮಾತ್ರ ಇದ್ದಾಗ, ಇದು ತೀರಾ ಸಾಮಾನ್ಯ. ಇದಕ್ಕೆ ಹೊಸ ಗ್ರಿಪ್ಪೇ ಬೇಕಿಲ್ಲ, ಸಂದು ತುಂಬುವ ಒಂದು ಸಣ್ಣ ತುಂಡು ಸಾಕು. ಅಮೆರಿಕದ ಪೊಲೀಸರು ರಿವಾಲ್ವರ್ ಕಟ್ಟುತ್ತಿದ್ದ ಕಾಲದಲ್ಲಿ ಟೈಲರ್ ಎಂಬ ಹೆಸರಿನ ಅಲ್ಯೂಮಿನಿಯಂ ತುಂಡೊಂದನ್ನು ಇದಕ್ಕಾಗಿಯೇ ಹಾಕಿಕೊಳ್ಳುತ್ತಿದ್ದರು. ಮೂಲ ಪ್ಲೇಟುಗಳ ಅಡಿಗೇ ಸಿಕ್ಕಿಕೊಂಡು ನಿಲ್ಲುತ್ತದೆ, ಹಿಡಿಕೆಯ ಬೆನ್ನಿಗೆ ದಪ್ಪ ಸೇರುವುದಿಲ್ಲ. ನನ್ನನ್ನು ಕೇಳಿದರೆ ಡ್ಯೂಟಿ ರಿವಾಲ್ವರ್‌ಗೆ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಹೆಬ್ಬೆರಳ ಬುಡದ ಮೂಳೆ ನೋಯುತ್ತಿದ್ದರೆ ಕಥೆ ಬೇರೆ. ಒಬ್ಬ ಮಹಿಳಾ ಪಿಎಸ್‌ಐ ನನ್ನ ಹತ್ತಿರ ಬಂದಿದ್ದರು, ಸಣ್ಣ ಕೈ. ಯಾರೋ ಹಿತೈಷಿಗಳು "ಮೇಡಂ, ಹೊಡೆತ ತಡಿತೈತ್ರೀ" ಎಂದು ಬೆನ್ನನ್ನೂ ಮುಚ್ಚುವ ದಪ್ಪ ರಬ್ಬರ್ ಹಾಕಿಸಿದ್ದರು. ಟ್ರಿಗರ್ ಮುಟ್ಟಲು ಅವರು ಇಡೀ ಕೈಯನ್ನು ಹಿಡಿಕೆಯ ಸುತ್ತ ಬಲಕ್ಕೆ ತಿರುಗಿಸಿ ಹಿಡಿಯುತ್ತಿದ್ದರು. ಹೀಗಾಗಿ ಹೊಡೆತ ಅಂಗೈಯ ಮಾಂಸಕ್ಕೆ ಬೀಳುವ ಬದಲು ಹೆಬ್ಬೆರಳ ಕೀಲಿಗೇ ಬೀಳುತ್ತಿತ್ತು. ಮೆತ್ತಗಿರಲಿ ಎಂದು ಹಾಕಿದ ರಬ್ಬರೇ ನೋವಿಗೆ ಮೂಲ. ಅದನ್ನು ತೆಗೆದು, ಬೆನ್ನಿನ ಉಕ್ಕು ಬರಿದಾಗಿ ಉಳಿಯುವ ತೆಳು ಪ್ಲೇಟು ಹಾಕಿದೆ. ಬೆರಳು ಗೆಣ್ಣಿನವರೆಗೆ ತಲುಪಿತು. "ಇಷ್ಟ ಏನ್ರೀ?" ಎಂದರು. ಇಷ್ಟೇ. ಸಣ್ಣ ಕೈಗೆ ಬೆನ್ನು ತೆರೆದದ್ದು, ದೊಡ್ಡ ಕೈಗೆ ಬೆನ್ನು ಮುಚ್ಚಿದ್ದು.

ಒಂದೊಂದು ಗುಂಡಿಗೂ ಹಿಡಿತ ಜಾರಿ ಮತ್ತೆ ಹಿಡಿದುಕೊಳ್ಳಬೇಕಾಗುತ್ತಿದ್ದರೆ, ಹೆಚ್ಚಾಗಿ ಪ್ಲೇಟು ಹಳೆಯದಾಗಿ ನುಣುಪಾಗಿದೆ. ಕಿರುಬೆರಳಿಗೆ ಜಾಗವಿಲ್ಲದೆ ಅದು ಗಾಳಿಯಲ್ಲಿ ತೂಗುತ್ತಿದ್ದರೆ ಗ್ರಿಪ್ ಸ್ವಲ್ಪ ಉದ್ದವಾಗಬೇಕು, ಆದರೆ ಉದ್ದವಾದಷ್ಟೂ ಅಂಗಿಯ ಹೊರಗೆ ಉಬ್ಬು ಕಾಣುತ್ತದೆ. ಯೂನಿಫಾರ್ಮ್‌ನವರಿಗೆ ಇದು ಲೆಕ್ಕಕ್ಕಿಲ್ಲ. ಸಫಾರಿ ಸೂಟಿನ ಗನ್‌ಮ್ಯಾನ್‌ಗೆ ಲೆಕ್ಕಕ್ಕಿದೆ.

ಬೆರಳಿಗೊಂದು ತಗ್ಗು ತೋಡಿದ ಗ್ರಿಪ್‌ಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ತಗ್ಗು ಯಾರ ಬೆರಳಿಗೆ ತೋಡಿದ್ದು? ನಿಮ್ಮ ಬೆರಳು ದಿಬ್ಬದ ಮೇಲೆ ಕೂತರೆ ಮುಗಿಯಿತು, ಐದನೇ ಗುಂಡಿಗೆ ಕೈ ಬೇಡ ಅನ್ನುತ್ತದೆ. ಅವಸರದಲ್ಲಿ ಎಳೆದುಕೊಂಡಾಗ ಬೆರಳು ತಗ್ಗಿಗೇ ಬೀಳುತ್ತದೆ ಎಂಬ ಖಾತರಿಯೂ ಇಲ್ಲ. ಹೆಬ್ಬೆರಳಿಗೆ ಮೆಟ್ಟಿಲು ಬಿಟ್ಟ ಸ್ಪರ್ಧೆಯ ಗ್ರಿಪ್‌ಗಳೂ ಅಷ್ಟೇ, ಶೂಟಿಂಗ್ ರೇಂಜಿನಲ್ಲಿ ಚೆನ್ನ. ಡ್ಯೂಟಿಯಲ್ಲಿ ಎಡಗೈಗೆ ಬದಲಿಸಬೇಕಾಗಿ ಬಂದಾಗ ಆ ಮೆಟ್ಟಿಲು ಅಂಗೈಗೆ ಒತ್ತುತ್ತದೆ.

ಮರ, ರಬ್ಬರ್, ಪ್ಲಾಸ್ಟಿಕ್

ಏಪ್ರಿಲ್‌ನಲ್ಲಿ ಗದಗಿನ ಬಿಸಿಲಿನಲ್ಲಿ ಬಂದೋಬಸ್ತ್ ಮಾಡಿದವರಿಗೆ ಕೈ ಬೆವರುವುದೆಂದರೇನು ಎಂದು ಹೇಳಬೇಕಿಲ್ಲ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಹೋಲ್‌ಸ್ಟರ್ ಮೂರು ದಿನ ಒಣಗುವುದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸುಗ್ಗಿಯ ಕಾಲದಲ್ಲಿ ಒಂದು ಗಂಟೆ ನಿಂತರೆ ಮೈಮೇಲೆಲ್ಲ ಕೆಂಪು ಧೂಳು. ಗ್ರಿಪ್ ಇವೆಲ್ಲವನ್ನೂ ತಾಳಬೇಕು.

ರಬ್ಬರ್ ಒದ್ದೆ ಕೈಯಲ್ಲೂ ಜಾರುವುದಿಲ್ಲ, ಹೊಡೆತವನ್ನು ಸ್ವಲ್ಪ ನುಂಗುತ್ತದೆ. ಅದರ ದೋಷ ಎಂದರೆ ಕೈಗೆ ಅಂಟಿದ ಹಾಗೆಯೇ ಬಟ್ಟೆಗೂ ಅಂಟುತ್ತದೆ. ಸಫಾರಿ ಅಂಗಿಯ ಕೆಳಗೆ ಇಟ್ಟುಕೊಂಡವರು ಬಗ್ಗಿ ಎದ್ದರೆ ಅಂಗಿ ಗ್ರಿಪ್‌ಗೆ ಕಚ್ಚಿಕೊಂಡು ಮೇಲೇರಿರುತ್ತದೆ. ಇನ್ನೊಂದು, ಮೊದಲ ಹಿಡಿತ ತಪ್ಪಾಗಿ ಬಿದ್ದರೆ ಸರಿಪಡಿಸಿಕೊಳ್ಳಲು ಬಿಡುವುದಿಲ್ಲ. ಮರದ ಮೇಲಾದರೆ ಕೈ ಅರ್ಧ ಬೆರಳಿನಷ್ಟು ಸರಿಯುತ್ತದೆ. ಹಳೆಯ ವೆಬ್ಲಿಗಳ ಕಪ್ಪು ಗಟ್ಟಿ ಪ್ಲೇಟುಗಳು ನೀರಿಗೆ ಹೆದರುವುದಿಲ್ಲ, ಸ್ಕ್ರೂಗೆ ಹೆದರುತ್ತವೆ: ಒಂದು ಸುತ್ತು ಹೆಚ್ಚು ಬಿಗಿದರೆ ಟಕ್ ಎಂದು ಬಿರುಕು. ಹೊಸತರಲ್ಲಿ ನಾನೇ ಒಂದು ಒಡೆದು ಬೈಸಿಕೊಂಡಿದ್ದೇನೆ.

ನನ್ನ ಮತ ಮರಕ್ಕೆ. ಅಕ್ರೋಟ್, ಶೀಸಂ, ಬೀಟೆ, ಯಾವುದಾದರೂ ಗಟ್ಟಿ, ಒತ್ತಾದ ಎಳೆಯದು. ಪಾಲಿಶ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೇಡ. ಸಣ್ಣ ವಜ್ರಾಕಾರದ ಗೆರೆಜಾಲ ಕೊರೆದಿರಬೇಕು, ಅದೂ ತೀರಾ ಚೂಪಾಗಿರಬಾರದು. ದಿನವಿಡೀ ಮೊಣಕೈ ಒಳಬದಿಗೆ ಉಜ್ಜಿ ಅಂಗಿಯ ತೋಳು ಹರಿದುಕೊಂಡವರಿದ್ದಾರೆ.

ಅಂಗಡಿಯಲ್ಲಿ ಒಣ ಕೈಯಲ್ಲಿ ಹಿಡಿದು "ಭಾರಿ ಐತಿ" ಅನ್ನಬೇಡಿ. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಆಮೇಲೆ ಒಂದು ಹನಿ ಎಣ್ಣೆ ಸವರಿಕೊಂಡು ಹಿಡಿಯಿರಿ. ನಮ್ಮ ಕಡೆ ಡ್ಯೂಟಿಯವರು ಸಂಜೆ ಗಿರ್ಮಿಟ್ಟು ಮಿರ್ಚಿ ತಿಂದು ಕೈಯನ್ನು ಪೇಪರ್ ತುಂಡಿಗೆ ಒರೆಸಿಕೊಳ್ಳುವವರು, ಪರೀಕ್ಷೆ ಅದಕ್ಕೆ ತಕ್ಕಂತೆ ಇರಲಿ.

ಕೊಳ್ಳುವ ಮೊದಲು ನೋಡಲೇಬೇಕಾದದ್ದು

ಕೈಗೆ ಸುಖವಾಗಿದೆ ಎಂದು ಇಲ್ಲೇ ನಿಲ್ಲಿಸಿದವರು ಬಹಳ. ನಾನೂ ಒಮ್ಮೆ ನಿಲ್ಲಿಸಿದ್ದೆ. ಹುಬ್ಬಳ್ಳಿಯ ಗಣೇಶ ವಿಸರ್ಜನೆ ಬಂದೋಬಸ್ತಿಗೆ ಮುಂಚೆ ಒಬ್ಬ ಅಧಿಕಾರಿಗೆ, ಅನುಮತಿ ಎಲ್ಲ ಸರಿಯಾಗಿಯೇ ಇತ್ತು, ತಳದವರೆಗೆ ಸುತ್ತಿಕೊಳ್ಳುವ ಗ್ರಿಪ್ ಕೂರಿಸಿಕೊಟ್ಟೆ. ಹಿಡಿದು ನೋಡಿ ಖುಷಿಪಟ್ಟರು. ಬೀದಿಗೆ ಹೋದ ಮೇಲೆ ಗೊತ್ತಾಯಿತು, ತಳದ ಲ್ಯಾನ್ಯಾರ್ಡ್ ಉಂಗುರ (ರಿವಾಲ್ವರ್ ಕೈತಪ್ಪದಂತೆ ಹಗ್ಗ ಕಟ್ಟುವ ಬಳೆ) ಗ್ರಿಪ್‌ನೊಳಗೆ ಮುಚ್ಚಿಹೋಗಿದೆ. ಜೊತೆಗೆ ಗ್ರಿಪ್‌ನ ದಪ್ಪಕ್ಕೆ ಹೋಲ್‌ಸ್ಟರ್‌ನ ಪಟ್ಟಿ ಗುಂಡಿಗೆ ಎಟುಕುತ್ತಿಲ್ಲ. ಆ ಜನಜಂಗುಳಿಯಲ್ಲಿ ಹಗ್ಗವಿಲ್ಲದೆ, ಪಟ್ಟಿ ಹಾಕದ ರಿವಾಲ್ವರನ್ನು ಎಡಗೈಯಿಂದ ಒತ್ತಿಕೊಂಡೇ ರಾತ್ರಿ ಕಳೆದರು. ಮರುದಿನ ನನಗೆ ಸಿಕ್ಕ ಪ್ರಸಾದ ಮೋದಕವಂತೂ ಅಲ್ಲ.

ಹಾಗಾಗಿ ಮೊದಲು ಲ್ಯಾನ್ಯಾರ್ಡ್ ಉಂಗುರ ಹೊರಗಿದ್ದು ಸಲೀಸಾಗಿ ಅಲ್ಲಾಡುತ್ತಿದೆಯೇ ನೋಡಿ. ನಿಮ್ಮದೇ ಹೋಲ್‌ಸ್ಟರ್‌ನಲ್ಲಿ ಇಟ್ಟು ಪಟ್ಟಿ ಹಾಕಿ ತೆಗೆಯಿರಿ, ಗ್ರಿಪ್ ಮತ್ತು ಸೊಂಟದ ನಡುವೆ ಬೆರಳುಗಳು ಪೂರ್ತಿ ಒಳಗೆ ಹೋಗಬೇಕು. ಸಿಲಿಂಡರ್ ಎಡಕ್ಕೆ ಹೊರಳುವ ಮಾದರಿಯಾದರೆ, ಎಡ ಪ್ಲೇಟಿನ ಮೇಲ್ಭಾಗ ತಗ್ಗಾಗಿ ಕೆತ್ತಿರಬೇಕು. ಇಲ್ಲವಾದರೆ ಹಾರಿಸಿದ ಗುಂಡುಗಳ ಖಾಲಿ ಕೋಶ ಹೊರತಳ್ಳುವಾಗ ಗ್ರಿಪ್‌ಗೆ ಸಿಕ್ಕಿಕೊಂಡು ಒಂದೆರಡು ಒಳಗೇ ಉಳಿಯುತ್ತವೆ, ಎಲ್ಲ ಗುಂಡು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಅಂತೂ ಹೋಗುವುದೇ ಇಲ್ಲ. ಮದ್ದಿಲ್ಲದ ಡಮ್ಮಿ ಗುಂಡು ಹಾಕಿ ತೆಗೆದು ಪರೀಕ್ಷಿಸಿ. ವೆಬ್ಲಿ ಮಾದರಿಯಲ್ಲಿ ಹ್ಯಾಮರ್ ಪಕ್ಕ ಎಡಬದಿಯಲ್ಲಿರುವ ತೆರೆಯುವ ಖೀಲಿಗೆ, ಬಲಗೈ ಹಿಡಿತ ಬಿಡದೆಯೇ ಹೆಬ್ಬೆರಳು ತಲುಪಬೇಕು. ಎಡಚರು ಅದನ್ನು ತಮ್ಮ ರೀತಿಯಲ್ಲಿ ಅಭ್ಯಾಸ ಮಾಡಿಕೊಂಡಿರುತ್ತಾರೆ, ಅವರೂ ಒಮ್ಮೆ ನೋಡಿಕೊಳ್ಳಲಿ.

ಕೆಲವು ರಿವಾಲ್ವರ್‌ಗಳ ನಂಬರ್ ಹಿಡಿಕೆಯ ತಳದಲ್ಲಿರುತ್ತದೆ. ಗ್ರಿಪ್ ಅದನ್ನು ಮುಚ್ಚಿದರೆ ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಆಯುಧ ಒಪ್ಪಿಸಲು ಹೋಗಿ, ನಂಬರ್ ತೋರಿಸಲು ಸ್ಕ್ರೂಡ್ರೈವರ್ ಹುಡುಕುತ್ತ ಕೂರಬೇಕಾಗುತ್ತದೆ.

ಕೂರಿಸುವುದು, ತಿದ್ದುವುದು

ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರ್ ಬೇಕು. ಸಣ್ಣದಾದರೆ ಜಾರಿ ಪ್ಲೇಟಿನ ಮೇಲೆ ಗೆರೆ ಎಳೆಯುತ್ತದೆ. ಸ್ಕ್ರೂವನ್ನು ಪೂರ್ತಿ ಬಿಚ್ಚಬೇಡಿ. ನಾಲ್ಕೈದು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಸ್ಕ್ರೂಡ್ರೈವರ್‌ನ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ಆಚೆ ಬದಿಯ ಪ್ಲೇಟು ತಾನಾಗಿ ಎದ್ದು ಬರುತ್ತದೆ. ಮೊನೆ ತೂರಿಸಿ ಎಬ್ಬಿಸಿದರೆ ಅಂಚು ಒಡೆಯುವುದು ಖಚಿತ. ಪ್ಲೇಟು ತೆಗೆದಾಗ ಒಳಗೆ ಸ್ಪ್ರಿಂಗ್ ಕಾಣುತ್ತದೆ, ಅದನ್ನು ಕೆದಕುವುದು ಬೇಡ. ಒಳಗಿನ ಉಕ್ಕಿನ ಮೇಲೆ ಕೆಂಪು ಚುಕ್ಕೆ ಕಂಡರೆ ಬೆವರಿನ ತುಕ್ಕು. ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ತೆಳುವಾದ ಒಂದು ಪದರ ಬಿಟ್ಟು ಮುಚ್ಚಿ. ಎಣ್ಣೆ ಹರಿಯುವಷ್ಟಿದ್ದರೆ ಮರ ಕುಡಿದು ಮೆತ್ತಗಾಗುತ್ತದೆ.

ಹೊಸ ಪ್ಲೇಟನ್ನು ಚೌಕಟ್ಟಿನ ಸಣ್ಣ ಗೂಟಕ್ಕೆ ಸರಿಯಾಗಿ ಕೂರಿಸಿದ ಮೇಲೆಯೇ ಸ್ಕ್ರೂ ತಿರುಗಿಸಿ. ಎರಡು ಬೆರಳಿನ ಬಲ ಸಾಕು, ಮುಷ್ಟಿ ಹಾಕಬೇಡಿ. ಆಮೇಲೆ ಪ್ಲೇಟು ಹಿಡಿದು ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಹಾರಿಸುವಾಗ ಅದೇ ನಿಮ್ಮ ಗುರಿಯನ್ನು ಕೆಡಿಸುತ್ತದೆ.

ಸ್ವಂತಕ್ಕೆ ಕೊಂಡ ಮರದ ಪ್ಲೇಟಾದರೆ ಸ್ವಲ್ಪ ತಿದ್ದಿಕೊಳ್ಳಬಹುದು. ಇಲಾಖೆಯ ಪ್ಲೇಟಿಗೆ ಮರಳುಕಾಗದ ಮುಟ್ಟಿಸಬೇಡಿ. ಎಲ್ಲಿ ತೆಗೆಯಬೇಕೆಂದು ತಿಳಿಯಲು ಅಂಗೈಗೆ ಬೋರ್ಡಿನ ಸುಣ್ಣದ ಕಡ್ಡಿಯ ಪುಡಿ ಸವರಿಕೊಂಡು ಹಿಡಿಯಿರಿ. ಬೀಟೆಯಂಥ ಕಪ್ಪು ಮರದ ಮೇಲೆ ಬಿಳಿ ದಟ್ಟವಾಗಿ ಬಿದ್ದ ಕಡೆ ಒತ್ತಡ ಜಾಸ್ತಿ, ಬೀಳದ ಕಡೆ ಕೈ ತಾಗುತ್ತಲೇ ಇಲ್ಲ. ಸಾಮಾನ್ಯವಾಗಿ ಹೆಬ್ಬೆರಳ ಕೆಳಗೆ ಮತ್ತು ಟ್ರಿಗರ್ ಬೆರಳು ಹಾಯುವ ಬದಿಯಲ್ಲಿ ತೆಗೆಯಬೇಕಾಗುತ್ತದೆ. ಪ್ಲೇಟನ್ನು ಆಯುಧದಿಂದ ಬಿಚ್ಚಿ, 120ರ ಮರಳುಕಾಗದದಿಂದ ಶುರುಮಾಡಿ 240, 400ಕ್ಕೆ ಬನ್ನಿ. ಹತ್ತು ಉಜ್ಜು, ಮತ್ತೆ ಕೂರಿಸಿ ಹಿಡಿ, ಮತ್ತೆ ಹತ್ತು ಉಜ್ಜು. ಒಂದೇ ಸಂಜೆಗೆ ಮುಗಿಸುವ ಹಟ ಬೇಡ, ತೆಗೆದ ಮರ ಮತ್ತೆ ಬೆಳೆಯುವುದಿಲ್ಲ.

ಕೊನೆಗೆ ಅಗಸಿ ಎಣ್ಣೆ. ನಾವು ರೊಟ್ಟಿಗೆ ಚಟ್ನಿಪುಡಿ ಮಾಡುವ ಅದೇ ಅಗಸಿ. ಆದರೆ ಹಸಿ ಎಣ್ಣೆ ಒಣಗಲು ಬಹಳ ದಿನ ಹಿಡಿಯುತ್ತದೆ, ಬಣ್ಣದ ಅಂಗಡಿಯಲ್ಲಿ 'ಬಾಯಿಲ್ಡ್' ಎಂದು ಕೇಳಿ ತನ್ನಿ. ಎರಡು ಹನಿ ಬೆರಳಿನಿಂದ ಉಜ್ಜಿ, ಉಳಿದದ್ದು ಒರೆಸಿ, ಒಂದು ದಿನ ಬಿಟ್ಟು ಮತ್ತೊಂದು ಪದರ. ಮೂರು ಪದರ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಈ ಎಣ್ಣೆಯ ಬಟ್ಟೆ ಮುದ್ದೆಯಾಗಿದ್ದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಹೊರಗೆ ಒಣಗಿಸಿ.

ಒಗ್ಗಿತೇ?

ಖಾಲಿ ಎಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡು, ಗೋಡೆಯ ಮೇಲಿನ ಒಂದು ಚುಕ್ಕೆ ನೋಡಿ. ಕಣ್ಣು ಮುಚ್ಚಿ ರಿವಾಲ್ವರ್ ಎತ್ತಿ, ಕಣ್ಣು ತೆರೆಯಿರಿ. ಮುಂದಿನ ಸೈಟ್ ಹೆಚ್ಚುಕಡಿಮೆ ಚುಕ್ಕೆಯ ಮೇಲೇ ಇರಬೇಕು. ಹತ್ತು ಸಲದಲ್ಲಿ ಎಂಟು ಸಲ ಒಂದೇ ಕಡೆ ತಪ್ಪಿದರೆ ಗ್ರಿಪ್ ನಿಮ್ಮ ಕೈಯನ್ನು ತಿರುಗಿಸುತ್ತಿದೆ. ನಂತರ ಡಮ್ಮಿ ಗುಂಡು ಹಾಕಿ, ಬ್ಯಾರಲ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಹ್ಯಾಮರ್ ಎತ್ತದೆ ಟ್ರಿಗರ್ ಎಳೆಯಿರಿ. ನಾಣ್ಯ ಬೀಳದಿದ್ದರೆ ಮೂರು ಬೆರಳು ತಮ್ಮ ಕೆಲಸ ಮಾಡುತ್ತಿವೆ. ಬಲಗೈ, ಎಡಗೈ, ಎರಡೂ ಕೈ, ಎಲ್ಲ ರೀತಿಯಲ್ಲೂ ನೋಡಿ.

ಇದಾದ ಮೇಲೆ ರೇಂಜ್. ವಾರ್ಷಿಕ ಫೈರಿಂಗ್‌ನ ದಿನವೇ ಹೊಸ ಗ್ರಿಪ್ ಹಾಕಿಕೊಂಡು ಹೋಗುವ ಸಾಹಸ ಬೇಡ. ಮೊದಲ ಫೈರಿಂಗ್ ಮುಗಿದೊಡನೆ ಸ್ಕ್ರೂ ನೋಡಿ, ಹೊಸ ಮರ ಒಂದಿಷ್ಟು ಅಮುಕಿ ಸಡಿಲವಾಗಿರುತ್ತದೆ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಪ್ಲೇಟು ಬಿಚ್ಚಿ ಒಳಗಿನ ತುಕ್ಕು ನೋಡಿ.

ತೆಗೆದ ಹಳೆಯ ಪ್ಲೇಟುಗಳನ್ನು ಅವುಗಳದೇ ಸ್ಕ್ರೂ ಸಮೇತ ಬಟ್ಟೆಯಲ್ಲಿ ಸುತ್ತಿ, ರಿವಾಲ್ವರ್ ನಂಬರ್ ಬರೆದ ಚೀಟಿ ಒಳಗಿಟ್ಟು ಶಸ್ತ್ರಾಗಾರಕ್ಕೆ ಒಪ್ಪಿಸಿ. ವರ್ಗಾವಣೆಯ ದಿನ ಆಯುಧ ವಾಪಸ್ ಕೊಡುವಾಗ ಆರ್ಮರರ್ ಮೊದಲು ಕೇಳುವುದು ಅದನ್ನೇ.